ಹಾಲು, ಹಾಳು, ಹಳೂ

ಮೊದಲ ಪುಟ (ತುಂಬಿಸಿದ್ದು ಆಗಸ್ಟ್ 3, 2025, ಭಾನುವಾರ)

ಹೊಸ ಲೆಕ್ಕದ ವಹಿ ತೆಗೆದಾಗ ಮೊದಲ ಪುಟ ಖಾಲಿ ಬಿಡುವುದು ನನ್ನ ರೂಢಿ. ಖರ್ಚು ಎಷ್ಟಾಯಿತೆಂದು ಕೆಲಸ ಮುಗಿದ ಮೇಲೆ ತಾನೇ ಗೊತ್ತಾಗುವುದು? ಈಗ ಮುಗಿದಿದೆ.

ಹೊಸ ಸರ್ವರಿನ ಒಂದು ವರ್ಷದ ಬಾಡಿಗೆ. ಏಜೆಂಟಿನ ಎರಡು ತಿಂಗಳ ಚಂದಾ. ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ ಹೋಗಿಬಂದ ಪೆಟ್ರೋಲು. ಮೊದಮೊದಲು ಅದನ್ನು ಕಂಪನಿಯ ಖರ್ಚಿಗೆ ಹಾಕುತ್ತಿದ್ದೆ, ಯಾವಾಗ ಬಿಟ್ಟೆನೋ ನೆನಪಿಲ್ಲ. ಗಡಹಿಂಗ್ಲಜ ಬಸ್ ಸ್ಟ್ಯಾಂಡಿನಲ್ಲಿ ಮರೆತು ಬಂದ ಒಂದು ಛತ್ರಿ. ಆಫೀಸಿನ ಮನಾಲಿಯ ಕಣ್ಣಿನಲ್ಲಿ ನನಗಿದ್ದ ಮರ್ಯಾದೆಯ ಅರ್ಧ ಭಾಗ. ಇದಕ್ಕೆಲ್ಲ ಏನೋ ಒಂದು ಬೆಲೆ ಕಟ್ಟಬಹುದು. ಇನ್ನೊಂದು ಬಾಬು ಉಳಿದಿದೆ: ಒಬ್ಬ ಮನುಷ್ಯ ಒಂದರಿಂದ ಇಪ್ಪತ್ತರವರೆಗೆ ಎಣಿಸಿದ ದನಿ. ಅದರ ಎದುರಿಗೆ ಏನು ಬರೆಯಬೇಕೋ ತಿಳಿಯದೆ ಬರೀ ಗೆರೆ ಎಳೆದಿದ್ದೇನೆ.

ಜೂನ್ 4, ಬುಧವಾರ

ಸರ್ವರ್ ಕಂಪನಿಯಿಂದ ಮೇಲ್ ಬಂದಿದೆ. ನಮ್ಮ ಮಗ್ಗದ ಲೆಕ್ಕದ ಸಾಫ್ಟ್‌ವೇರ್ ಓಡುವ ಯಂತ್ರ ಹಳತಾಯಿತಂತೆ. ಇದೇ ಮೂವತ್ತಕ್ಕೆ ಬಂದ್ ಮಾಡುತ್ತಾರೆ, ಬೇಕಾದ್ದನ್ನು ಸಾಗಿಸಿಕೊಳ್ಳಬೇಕಂತೆ. ಯಂತ್ರ ಇರುವುದು ಜರ್ಮನಿಯಲ್ಲಿ. ನಾನು ಕಣ್ಣಿಂದ ಕಂಡಿಲ್ಲ, ಬಾಡಿಗೆ ಕಟ್ಟುತ್ತೇನೆ, ಅಷ್ಟೇ ಸಂಬಂಧ.

ಅದರೊಳಗೆ ಏನೇನು ಇದೆ ಎಂದು ಬಲ್ಲವನು ನನ್ನ ಪಾಲುದಾರ ಜಿನಪಾಲ ಒಬ್ಬನೇ. ಅವನಿಗೆ ಡಿಸೆಂಬರಿನಲ್ಲಿ ಲಕ್ವಾ ಹೊಡೆದು ಬಲಗೈ ಹೋಗಿದೆ, ಮಾತು ಹೋಗಿದೆ. ಎಡಗೈಗೆ ಪೆನ್ನು ಕೊಟ್ಟರೆ ಗೆರೆ ಬರುತ್ತದೆ, ಅಕ್ಷರ ಬರುವುದಿಲ್ಲ. ನಮ್ಮಿಬ್ಬರ ಕರಾರು ಹೀಗಿತ್ತು: ಯಂತ್ರ ಅವನದು, ಮಾತು ನನ್ನದು. ಅವನು ಕೊಲ್ಹಾಪುರದ ಮನೆಯಲ್ಲಿ ಕೂತು ಸಾಫ್ಟ್‌ವೇರ್ ಮಾಡುವುದು, ನಾನು ಇಚಲಕರಂಜಿ ಪಕ್ಕದ ಕಬನೂರಿನ ಆಫೀಸಿನಿಂದ ಹೊರಟು ಮಗ್ಗದ ಮಾಲೀಕರಿಗೆ ಅದನ್ನು ಮಾರುವುದು. ಈಗ ಮಾತಿನವನ ಕೊರಳಿಗೆ ಯಂತ್ರ ಬಿದ್ದಿದೆ, ಯಂತ್ರದವನ ಬಾಯಲ್ಲಿ ಮಾತಿಲ್ಲ. ದೇವರು ನಮ್ಮ ಕರಾರುಪತ್ರ ಓದಿಯೇ ಹೊಡೆದಂತಿದೆ.

ಹೋಗುವವನು ಒಂದು ಚೀಟಿಯಾದರೂ ಬರೆದಿಡಬಾರದಿತ್ತೇ?

ಜೂನ್ 6, ಶುಕ್ರವಾರ

ಕೊಲ್ಹಾಪುರದ ಇಬ್ಬರು ಪರಿಣತರನ್ನು ಕೇಳಿದೆ. ಒಬ್ಬ ಫೋನಿನಲ್ಲೇ ನಕ್ಕ. ಇನ್ನೊಬ್ಬ ಹೇಳಿದ ದರಕ್ಕೆ ನಾನು ನಕ್ಕೆ.

ಆಫೀಸಿನ ಗಿರಾಕಿ ಫೋನುಗಳನ್ನು ನೋಡಿಕೊಳ್ಳುವ ಮನಾಲಿ ಮಧ್ಯಾಹ್ನ ಡಬ್ಬಿ ಬಿಚ್ಚುತ್ತ ಹೇಳಿದಳು:

“ಶೇಠ, ಮನಷ್ಯಾನ್ನ ಹುಡುಕೂದು ಬಿಡ್ರಿ. ಏಜೆಂಟ್ ಹಚ್ಚೂಣು. ಸರ್ವರ್‌ದಾಗ ಹೋಗಿ, ಏನೇನ ಓಡಾಕತ್ತೇತಿ ನೋಡಿ, ಯಾದಿ ಮಾಡಿ ಕೊಡತೈತಿ.”

“ಎಷ್ಟ ತಗೋತಾನ?”

“ಅವ ಅಲ್ರೀ, ಅದು. ಎಐ.”

ಏಜೆಂಟ್ ಎಂದರೆ ನನಗೆ ಗೊತ್ತಿರುವುದು ನೂಲಿನ ಏಜೆಂಟ್. ಎರಡೂ ಕಡೆ ದಲಾಲಿ ತಿಂದು, ಮಾಲು ಕೆಟ್ಟ ದಿನ ಫೋನ್ ಎತ್ತದವನು. ಅಂಥವನ ಕೈಗೆ ಕೀಲಿ ಕೊಡುವುದೇ? ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದೆ. ಅದು ನೋಡಬೇಕು, ಮುಟ್ಟಬಾರದು. ಅಂಗಳದಲ್ಲಿ ನಿಂತು ಬಾಗಿಲು ಎಷ್ಟಿವೆ ಎಂದು ಹೇಳಲಿ, ಒಳಗೆ ಕಾಲಿಡುವುದು ಬೇಡ. ಮನಾಲಿ ಹಾಗೆಯೇ ಕೀಲಿ ಮಾಡಿಕೊಟ್ಟಳು.

ಜೂನ್ 7, ಶನಿವಾರ

ಚಹಾ ತಣ್ಣಗಾಗುವಷ್ಟರಲ್ಲಿ ಪಟ್ಟಿ ಬಂತು. ಅದರ ಕನ್ನಡ ಶಾಲಾ ಮಾಸ್ತರರದ್ದು, ಆದರೆ ಕೆಲಸ ಅಚ್ಚುಕಟ್ಟು. ಮಗ್ಗದ ಲೆಕ್ಕ ಓಡುತ್ತಿದೆ. ನೂಲಿನ ದಾಸ್ತಾನು ಓಡುತ್ತಿದೆ. ಬಿಲ್ ಮುದ್ರಿಸುವುದು, ಮಾಹಿತಿಯ ಉಗ್ರಾಣ, ಎಲ್ಲ ನನಗೆ ಗೊತ್ತಿದ್ದವೇ. ಎರಡು ಸತ್ತು ಬಿದ್ದಿವೆ, ಬಿಡಬಹುದು ಎಂದಿತು. ಕೊನೆಯ ಸಾಲು ಮಾತ್ರ ಹೀಗಿತ್ತು:

“ಇನ್ನೊಂದು ಸೇವೆಯ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಎಚ್, ಎ, ಎಲ್, ಯು. ದಿನಕ್ಕೆರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಎದ್ದು ಹೊರಗಿನ ಟೆಲಿಫೋನ್ ಸೇವೆಯೊಂದನ್ನು ಸಂಪರ್ಕಿಸಿ ಮಲಗುತ್ತದೆ. ಅದರ ಕಡತಗಳನ್ನು ತೆರೆಯಲು ನನಗೆ ಅನುಮತಿ ಇಲ್ಲ. ಹೆಸರು ಕನ್ನಡದ ಹಾಲು ಇರಬಹುದು, ಹಾಳು ಇರಬಹುದು, ಮರಾಠಿಯ ಹಳೂ ಕೂಡ ಇರಬಹುದು. ಬರೆದವರನ್ನು ಕೇಳದೆ ನಿಲ್ಲಿಸಬೇಡಿ.”

ಮನಾಲಿ ಕೂಡಲೇ ಹೇಳಿದಳು: “ಹಳೂ ರೀ ಶೇಠ. ಸಾವಕಾಶ ಅಂತ. ನಿಧಾನ ಓಡೂದ ಇರಬೇಕು.”

ಅವಳು ಮರಾಠಿಯವಳು, ಅವಳಿಗೆ ಹಾಗೆ ಕಾಣುತ್ತದೆ. ನನಗೆ ಕಂಡದ್ದು ಬೇರೆ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ನಾನು, ಜಿನಪಾಲ ಇದೇ ಕಬನೂರಿನ ಒಂದು ಶೆಡ್ಡಿನಲ್ಲಿ ಬಟ್ಟೆ ಮಡಚುತ್ತಿದ್ದೆವು. ಎಳೆ ಹೋದ ಬಟ್ಟೆಯ ತಾನು, ಎಣ್ಣೆಯ ಕಲೆ ಬಿದ್ದ ತಾನು ಸಿಕ್ಕರೆ ಅವನು ಸೀಮೆಸುಣ್ಣದ ಖಡುವಿನಿಂದ ದೊಡ್ಡದಾಗಿ ‘ಹಾಳು’ ಎಂದು ಬರೆದು ಮೂಲೆಗೆ ಒಗೆಯುತ್ತಿದ್ದ. ಇದೂ ಅಂಥ ಮೂಲೆಯೇ. ಕೆಟ್ಟದ್ದನ್ನೆಲ್ಲ ಒಂದು ಕಡೆ ಹಾಕಿ ಹೆಸರು ಬರೆದಿದ್ದಾನೆ.

ಆದರೂ ನಾಳೆ ಹೋಗಿ ಕೇಳುತ್ತೇನೆ. ಪೆಟ್ರೋಲು ಕಂಪನಿಯ ಖರ್ಚಿಗೆ.

ಜೂನ್ 8, ಭಾನುವಾರ

ಫೆಬ್ರವರಿಯ ನಂತರ ಇವತ್ತೇ ಹೋದದ್ದು. ಪಾಲುದಾರ ಕಿಟಕಿಯ ಬಳಿ ಕುರ್ಚಿಯಲ್ಲಿದ್ದ. ಅವನ ಹೆಂಡತಿ ಶಾಲನ ಮೊದಲೇ ಎಚ್ಚರಿಸಿದಳು: “ಅಣ್ಣಾರ, ಕಡೀ ಮಾತ ಯಾವುದ ಇರತೈತಿ ಅದನ್ನ ತಿರಗಿ ಹೇಳತಾರ. ಅದನ್ನ ಉತ್ತರಾ ಅಂತ ಹಿಡೀಬ್ಯಾಡ್ರಿ. ನಾಲಿಗಿಗಿ ಹಗೂರ ಇದ್ದದ್ದು ಬರತೈತಿ, ದಪ್ಪಂದು ಬರೂದಿಲ್ಲ. ನಿಮ್ಮ ಬಾಳಕ್ಕ ಈಗ ಇವರ ಬಾಯಾಗ ಬಾಲಕ್ಕ.”

ಬಾಳಕ್ಕ ನನ್ನ ಹೆಂಡತಿ. ಕೇಳಿದ್ದರೆ ನಗುತ್ತಿದ್ದಳು.

ಲ್ಯಾಪ್‌ಟಾಪ್ ತೆರೆದು ಹೆಸರು ತೋರಿಸಿದೆ. “ಜಿನಪಾಲ, ಇದೇನೋ? ಹಾಲೋ, ಹಾಳೋ?”

“ಹಾಲೋ.”

ತಿರುಗಿಸಿ ಕೇಳಿದೆ. “ಹಾಳೋ, ಹಾಲೋ?”

“ಹಾಲೋ.”

“ಬರೇ ಹಾಳಾ?”

“ಹಾಲಾ.”

ಮೂರು ಸಲವೂ ಒಂದೇ. ಇದನ್ನು ಯಾವ ಕೋರ್ಟು ಸಾಕ್ಷಿ ಅಂತ ಹಿಡಿದೀತು? ನಾನು ನಾಲ್ಕನೆಯ ಸಲ ಕೇಳಿದಾಗ ಅವನು ಎಡಗೈಯಿಂದ ಕುರ್ಚಿಯ ಹಿಡಿಗೆ ಬಡಿದ. ಕಣ್ಣಲ್ಲಿ ನೀರು. “ಹಾಲು! ಹಾಲು!” ಎಂದ. ಒಳಗಿಂದ ಶಾಲನ ಓಡಿ ಬಂದು, ಹಸಿವಾಗಿದೆ ಎಂದುಕೊಂಡು ಲೋಟದ ತುಂಬ ಹಾಲು ತಂದಳು. ಅವನು ಲೋಟ ನೂಕಿದ. ಹಾಲೆಲ್ಲ ನನ್ನ ಪ್ಯಾಂಟಿನ ಮೇಲೆ.

ಹೊರಡುವಾಗ ಶಾಲನ ಹೊಸ್ತಿಲಲ್ಲಿ ನಿಂತು ಹೇಳಿದಳು: “ಮೊದಲಿಂದ ಏನೋ ತಲಿಗೆ ಹತ್ತಿತ್ತರೀ. ಮೂರ ವರ್ಷದ ಹಿಂದ ಖೋಲಿ ಬಾಗಲಾ ಹಾಕ್ಕೊಂಡ ಒಂದು, ಎರಡು, ಮೂರು ಅಂತ ಸಾಲಿ ಹುಡುಗರಗತೆ ಎಣಸ್ತಿದ್ರ. ಕೇಳಿದ್ರ ನಗತಿದ್ರ. ಆವಾಗ ಡಾಕ್ಟರ್‌ಗೆ ತೋರಿಸಬೇಕಿತ್ತು.”

ಪಾಪ. ಪ್ಯಾಂಟು ತೊಳೆಯಲು ಹಾಕಬೇಕು.

ಜೂನ್ 16, ಸೋಮವಾರ

ಸಾಗಿಸುವ ಕೆಲಸ ಶುರುವಾಗಿದೆ. ಏಜೆಂಟ್ ಮತ್ತೆ ಅದೇ ಕೇಳಿತು. ಒಳಗೆ ನೋಡಲು ಅನುಮತಿ ಕೊಡುವಿರಾ? ನಾನು ಕೊಡಲಿಲ್ಲ. ದೊಡ್ಡ ಕೀಲಿ ಕೊಟ್ಟ ಮೇಲೆ ಅದು ಏನನ್ನು ಎಲ್ಲಿ ಕೆಡವುತ್ತದೋ ಯಾರು ಬಲ್ಲರು. ಮುನ್ನೂರು ಮಗ್ಗದವರ ಲೆಕ್ಕ ಇದೆ ಅಲ್ಲಿ.

“ಅದು ದಿನವೂ ಓಡುತ್ತಿದೆ,” ಎಂದು ಬರೆಯಿತು. “ದಿನವೂ ಓಡುವುದನ್ನು ಹಾಳು ಎಂದು ಕರೆಯುವುದು ಅಪರೂಪ.”

ಹಾಳಾದದ್ದೂ ದಿನಾ ಓಡುತ್ತದೆ, ನನ್ನ ಸ್ಕೂಟರ್ ನೋಡು, ಎಂದು ಉತ್ತರಿಸಿದೆ. ಆಮೇಲೆ, ಒಂದು ಪ್ರತಿಯಾದರೂ ತೆಗೆದಿಡಲೇ ಎಂದು ಕೇಳಿತು. ಹೊಸ ಮನೆಗೆ ಹೋಗುವಾಗ ಹಳೆ ಮನೆಯ ಕಸ ಗಾಡಿಯಲ್ಲಿ ಹೇರುತ್ತಾರೆಯೇ? ಬೇಡ ಎಂದೆ. “ನಿಮ್ಮ ತೀರ್ಮಾನವನ್ನು ಬರೆದುಕೊಂಡಿದ್ದೇನೆ,” ಎಂದಿತು. ಆ ಮಾತು ಯಾಕೋ ಚುಚ್ಚಿತು.

ಜೂನ್ 30, ಸೋಮವಾರ

ಎಲ್ಲ ಹೊಸ ಯಂತ್ರಕ್ಕೆ ಬಂತು. ಒಬ್ಬ ಗಿರಾಕಿಯೂ ಫೋನ್ ಮಾಡಿ ಬೈಯಲಿಲ್ಲ. ಪೇಢೆ ತರಿಸಿದೆ. ಏಜೆಂಟಿಗೆ ಪೇಢೆ ಬೇಡ, ಅದು ಒಂದು ಉಳಿತಾಯ.

ಜುಲೈ 11, ಶುಕ್ರವಾರ

ಬೆಳಿಗ್ಗೆಯಿಂದ ಮಳೆ. ಹನ್ನೊಂದರ ಸುಮಾರಿಗೆ ಆಫೀಸಿನ ಬಾಗಿಲಲ್ಲಿ ಒಬ್ಬ ಮುದುಕಿ, ಸೆರಗು ಹಿಂಡುತ್ತ ನಿಂತಿದ್ದಳು. ಮನಾಲಿ ಮರಾಠಿಯಲ್ಲಿ ಯಾರು ಬೇಕೆಂದು ಕೇಳಿದಳು. ಮುದುಕಿ ಅವಳನ್ನು ದಾಟಿ ನನ್ನನ್ನೇ ನೋಡಿದಳು.

“ಬಸವಣ್ಣೆಪ್ಪಾ, ಹೊಟ್ಟಿ ಭಾಳ ಬಂದೈತಲ್ಲೋ.”

ಆಗ ಗುರುತು ಹತ್ತಿತು. ಮಾಯವ್ವ. ನಾವು ಬಟ್ಟೆ ಮಡಚುತ್ತಿದ್ದ ಶೆಡ್ಡಿನಲ್ಲಿ ಅವಳು ಕಾಂಡಿಗೆ ನೂಲು ಸುತ್ತುತ್ತಿದ್ದಳು. ಇಬ್ಬರು ಹುಡುಗರಿಗೂ ತನ್ನ ರೊಟ್ಟಿಯಲ್ಲಿ ಅರ್ಧ ಕೊಟ್ಟವಳು. ಗಂಡ ಸತ್ಯಪ್ಪ ತೀರಿದ ಮೇಲೆ ಗಡಹಿಂಗ್ಲಜದ ಕಡೆ ಮಹಾಗಾಂವಕ್ಕೆ ಹೋಗಿ ಎಮ್ಮೆ ಕಟ್ಟಿದಳೆಂದು ಕೇಳಿದ್ದೆ. ನಾನು ಅಲ್ಲಿಗೆ ಹೋದವನಲ್ಲ.

ಕೂಡು ಎಂದರೆ ಕೂಡಲಿಲ್ಲ.

“ಖರೇ ಹೇಳು. ಜಿನಪಾಲ ಹೋದನೇನು?”

“ಎಲ್ಲಿಗಿ?”

“ಎಲ್ಲಿಗಂತ ಕೇಳತಿ. ಮ್ಯಾಲ.”

“ಇಲ್ಲ ಯಕ್ಕಾ, ಅದಾನ. ಡಿಸೆಂಬರದಾಗ ಲಕ್ವಾ ಹೊಡದೈತಿ. ಮಾತ ಹೋಗ್ಯಾವ.”

“ಸುಳ್ಳ ಹೇಳಬ್ಯಾಡ,” ಎಂದಳು. “ಮೊನ್ನಿ ತನಕ ದಿನಾ ಎರಡ ಹೊತ್ತ ನನ್ನ ಕೂಡ ಫೋನ್‌ದಾಗ ಮಾತಾಡ್ಯಾನ.”

ಮನಾಲಿ ಟೈಪ್ ಮಾಡುವುದನ್ನು ನಿಲ್ಲಿಸಿದಳು.

“ಏನಂತಿದ್ದ?” ಎಂದು ಕೇಳಿದೆ.

ಮಾಯವ್ವ ಗಂಡು ದನಿ ಮಾಡಿ ಅಂದು ತೋರಿಸಿದಳು, ಒಂದೊಂದು ಮಾತಿಗೂ ನಡುವೆ ನಿಂತು ನಿಂತು: “‘ನಮಸ್ಕಾರ್ರೀ. ಇವತ್ತ ನಿಮ್ಮ ಹಾಲು… ನಾಕು… ಲೀಟರ್… ಪಾವು.’ ಅಷ್ಟ. ಮೊದಲಿಂದ ಅವ ಕಡಿಮಿ ಮಾತಿನವ. ಉಳದದ್ದೆಲ್ಲಾ ನಾನ ಹೇಳತಿದ್ನಿ. ಎಮ್ಮಿ ಕರಾ ಹಾಕೇತಿ, ಮಳಿ ಬಂದೈತಿ, ನಾನೂ ಆರಾಮ ಅದೇನಿ ಅಂತ. ಕೇಳಿ ಫೋನ್ ಇಡತಿದ್ದ.”

ಬಾಗಿಲು ಹಾಕಿಕೊಂಡು ಒಂದು, ಎರಡು, ಮೂರು. ಶಾಲನ ಹೇಳಿದ್ದು ಆಗ ಕಿವಿಯಲ್ಲಿ ತಿರುಗಿ ಬಂತು.

ಉಳಿದದ್ದನ್ನು ಮಾಯವ್ವ ಬಿಡಿಸಿದಳು. ಮಹಾಗಾಂವದಲ್ಲಿ ಹಾಲು ತೂಗುವವನು ಕೇದಾರಿ. ಬಾಯಲ್ಲಿ ನಾಲ್ಕೂ ಪಾವು ಎನ್ನುವುದು, ಯಂತ್ರದಲ್ಲಿ ನಾಲ್ಕೇ ಹಾಕುವುದು, ಮಿಕ್ಕ ಪಾವನ್ನು, ಎಂದರೆ ಕಾಲು ಲೀಟರನ್ನು, ತನ್ನ ಹೆಂಡತಿಯ ಹೆಸರಿಗೆ ಬರೆಯುವುದು ಅವನ ಚಾಳಿ. ಚೀಟಿ ಕೊಡುತ್ತಾನೆ, ಓದಲು ಬರುವ ಹೆಂಗಸರು ಕಡಿಮೆ. ಮೂರು ವರ್ಷದ ಹಿಂದೆ ಮಾಯವ್ವ ಈ ಮಾತು ಜಿನಪಾಲನ ಕಿವಿಗೆ ಹಾಕಿದ್ದಳು. ಅಂದಿನಿಂದ, ಯಂತ್ರದಲ್ಲಿ ಅಂಕಿ ಬಿದ್ದ ಕೂಡಲೇ ಅವಳ ಮೊಬೈಲು ರಿಂಗಣಿಸುತ್ತಿತ್ತು. ಅವಳದಷ್ಟೇ ಅಲ್ಲ, ಹಾಲು ಹಾಕುವ ಎಲ್ಲ ಹೆಂಗಸರದೂ. ಬಾಯಿಯ ಅಂಕಿ, ಫೋನಿನ ಅಂಕಿ ಬೇರೆಯಾದರೆ ಅಲ್ಲೇ ನಿಂತು ಕೇದಾರಿಯ ನೀರಿಳಿಸುತ್ತಿದ್ದರು.

“ಈಗ ಫೋನಿಲ್ಲ. ಬತ್ತಿದ್ದ ಕೇದಾರಿ ಎಮ್ಮಿ ಮತ್ತ ಹಾಲ ಕೊಡಾಕತ್ತೇತಿ,” ಎಂದಳು. “ಅದು ಹಾಳಾಗಿ ಹೋಗಲಿ. ಜಿನಪಾಲ ಸತ್ತಾನಂತ ನಮ್ಮ ಓಣಿ ಮುದಕವ್ವ ಎರಡ ದಿನಾ ಉಂಡಿಲ್ಲ.”

ಅವನ ಮಾತು ಹೋದ ಆರು ತಿಂಗಳು ಮಹಾಗಾಂವದಲ್ಲಿ ಅವನು ದಿನಕ್ಕೆರಡು ಸಲ ಮಾತಾಡುತ್ತಲೇ ಇದ್ದ. ಎಣಿಸಿ ತುಂಬಿಟ್ಟಿದ್ದ ಆ ದನಿಯನ್ನು ಹಾಳು ಎಂದು ನಿಲ್ಲಿಸಿದವನು ನಾನು.

ಮಾಯವ್ವನಿಗೆ ಹಾಗೆ ಹೇಳಲಿಲ್ಲ. ಯಂತ್ರ ಕೆಟ್ಟಿದೆ ಎಂದೆ. ಮನಾಲಿ ನನ್ನ ಮುಖ ನೋಡಿದಳು, ಮುದುಕಿಗೆ ಚಹಾ ತಂದುಕೊಟ್ಟಳು.

ಜುಲೈ 12, ಶನಿವಾರ

ಸರ್ವರ್ ಕಂಪನಿಯ ಉತ್ತರ: ಡಿಸ್ಕ್ ಅಳಿಸಿ ಪುಡಿ ಮಾಡಲಾಗಿದೆ. ವಿಷಾದಿಸುತ್ತೇವೆ.

ಏಜೆಂಟಿಗೆ ಕೇಳಿದೆ, ನಿನ್ನ ಹತ್ತಿರ ಏನಾದರೂ ಇದೆಯೇ. ಪಟ್ಟಿಯ ಸಾಲು ಇದೆ, ಎಂದಿತು. ಹೆಸರು, ಏಳುವ ಹೊತ್ತು, ಮಲಗುವ ಹೊತ್ತು. ಒಳಗಿನದು ಇಲ್ಲ.

ನೀನು ಹೇಳಿದ್ದೆ, ಎಂದು ಬರೆದೆ.

“ಇನ್ನೂ ಬಿಡಿಸಿ ಹೇಳಬಹುದಾಗಿತ್ತು,” ಎಂದಿತು.

ನೂಲಿನ ಏಜೆಂಟ್ ಯಾರೂ ಇಷ್ಟು ವರ್ಷದಲ್ಲಿ ನನಗೆ ಈ ಮಾತು ಹೇಳಿಲ್ಲ.

ಶಾಲನಳಿಗೆ ಫೋನ್ ಮಾಡಿದೆ. ಮದುವೆ ವಿಡಿಯೊ, ಅದು ಇದು ಇವೆ, ದನಿ ಅಲ್ಲಲ್ಲಿ ಇದೆ. ಮದುವೆಯಲ್ಲಿ ನಿಂತು ಒಂದರಿಂದ ಇಪ್ಪತ್ತು ಯಾರು ಎಣಿಸುತ್ತಾರೆ?

ಜುಲೈ 15, ಮಂಗಳವಾರ

ಮಹಾಗಾಂವಕ್ಕೆ ಹೋಗಿದ್ದೆ. ಸ್ಕೂಟರ್ ಕೈಕೊಟ್ಟು ಬಸ್ಸಿನಲ್ಲಿ. ಗಡಹಿಂಗ್ಲಜದಲ್ಲಿ ಬಸ್ ಬದಲಿಸುವಾಗ ಛತ್ರಿ ಹೋಯಿತು.

ಹೆಂಗಸರು ಮಾಯವ್ವನ ಪಡಸಾಲೆಯಲ್ಲಿ ಸೇರಿದ್ದರು. ಅವರಿಗೆ ಬೇಕಾದ್ದು ಒಂದೇ: ಜಿನಪಾಲ ಇದ್ದಾನೋ ಇಲ್ಲವೋ. ಇದ್ದಾನೆ ಎಂದು ಮೂರು ಸಲ ಹೇಳಿದೆ. “ಇದ್ರ ಮಾತಾಡ್ಸು,” ಎಂದಳು ಮುದಕವ್ವ. ಮಾತಿನಿಂದಲೇ ಹೊಟ್ಟೆ ಹೊರೆದವನು ನಾನು. ನೂಲಿಲ್ಲದ ಮಗ್ಗವನ್ನೂ ಮಾರಿದ್ದೇನೆ. ಅಲ್ಲಿ ನಾಲ್ಕನೆಯ ಸಲವೂ ಇದ್ದಾನೆ ಎಂದಷ್ಟೇ ಅಂದೆ.

ಕೇದಾರಿ ಹೊರಗೆ ಗಾಡಿ ನಿಲ್ಲಿಸಿ ಇಣುಕಿದ. “ಶೇಠ, ಫೋನ್ ಬಂದ್ ಮಾಡಿದ್ದು ಛಲೋ ಆತು ನೋಡ್ರಿ. ಸುಮ್ಮ ಸುಮ್ಮನ ಖರ್ಚು.” ನನ್ನನ್ನು ತನ್ನ ಕಡೆಯವನೆಂದು ತಿಳಿದಿದ್ದಾನೆ. ಲೆಕ್ಕ ನೋಡಿದರೆ ತಪ್ಪೂ ಅಲ್ಲ.

ಒಂದು ಸಿಕ್ಕಿತು. ಮುದಕವ್ವ ಬಳಸುವುದು ಸೊಸೆ ಸ್ನೇಹಲಳ ಹಳೆ ಫೋನು. ಅದು ಬಂದ ಕರೆಗಳನ್ನು ತಾನಾಗಿಯೇ ಹಿಡಿದಿಟ್ಟುಕೊಳ್ಳುತ್ತದೆ. ಜಾಗ ಸಾಲದೆಂದು ಸ್ನೇಹಲ ಎಲ್ಲ ಅಳಿಸಿದ್ದಳು, ಒಂದನ್ನು ಬಿಟ್ಟು. “ನಮಸ್ಕಾರ್ರೀ. ಇವತ್ತ ನಿಮ್ಮ ಹಾಲು… ಮೂರು… ಲೀಟರ್… ಪಾವು.”

‘ಹಾಲು’ ಎನ್ನುವಾಗಿನ ಲ ಎಷ್ಟು ಸ್ವಚ್ಛ ಇದೆ ಎಂದರೆ, ಬಟ್ಟೆಯ ಅಂಚಿನ ಹಾಗೆ.

ಜುಲೈ 20, ಭಾನುವಾರ

ಜಿನಪಾಲನಿಗೆ ಕೇಳಿಸಿದೆ. ಎಡಗಿವಿಗೆ ಫೋನು ಹಿಡಿದುಕೊಂಡ. ಮುಗಿಯಿತು. “ಮತ್ತ,” ಎಂದ. ಇದು ನಾನು ಅಂದ ಮಾತಲ್ಲ, ಅವನದೇ. ಮತ್ತೆ ಹಚ್ಚಿದೆ. ಬಾಗಿಲಲ್ಲಿ ನಿಂತ ಶಾಲನ ಸೆರಗು ಬಾಯಿಗಿಟ್ಟುಕೊಂಡಳು. “ಇದಕ್ಕ ಎಣಸ್ತಿದ್ರಾ?” ಎಂದು ಅವನನ್ನೇ ಕೇಳಿದಳು.

ಅವನು ನನ್ನ ಕಡೆ ಬೆರಳು ತೋರಿಸಿ, “ಹಾಲು,” ಎಂದ.

“ಹೌದೋ ಮಾರಾಯಾ, ಹಾಲು. ಹಾಳ ಮಾಡಿದಾಂವ ನಾ.”

“ನಾ,” ಎಂದ.

ಕೊನೆಯ ಮಾತನ್ನು ತಿರುಗಿ ಹೇಳುವುದು ಅವನ ರೋಗ. ಅದಕ್ಕಿಂತ ಹೆಚ್ಚು ನಾನು ಹಿಡಿಯುವುದಿಲ್ಲ.

ಲ್ಯಾಪ್‌ಟಾಪ್ ಮನೆಯಲ್ಲೇ ಮರೆತು ಬಂದಿದ್ದೆ. ಸಂಜೆಯವರೆಗೆ ಸುಮ್ಮನೆ ಕೂತು ಕಿಟಕಿಯಿಂದ ಆಟೊಗಳನ್ನು ನೋಡಿದೆವು.

ಜುಲೈ 27, ಭಾನುವಾರ

ಈ ವಾರ ಏಜೆಂಟ್ ಫೋನಿನ ಸೇವೆಯನ್ನು ಹೊಸದಾಗಿ ಕಟ್ಟಿಕೊಟ್ಟಿದೆ. ಈ ಸಲ ದೊಡ್ಡ ಕೀಲಿಯನ್ನೇ ಕೊಟ್ಟೆ. ದನಿ ಮಾತ್ರ ಇಲ್ಲ. ಯಂತ್ರದ ದನಿ ಹಾಕಿ ನೋಡಿದೆವು. ಮಾಯವ್ವ ಸಾಲ ಕೊಡುವ ಬ್ಯಾಂಕಿನವರೆಂದು ಬೈದು ಕಟ್ ಮಾಡಿದಳು. ಮದುವೆ ವಿಡಿಯೊಗಳಿಂದ ಅವನ ದನಿಯನ್ನೇ ಹೋಲುವಂತೆ ಮಾಡಲು ಬಂದೀತು ಎಂದು ಮನಾಲಿ ಹೇಳಿದಳು. ಶಾಲನ ಬೇಡ ಎಂದಳು. “ಮನಷ್ಯಾ ಎದುರಿಗೆ ಕುಂತಾನರೀ ಅಣ್ಣಾರ.”

ಮಾತು ಕಲಿಸುವ ಹೆಣ್ಣುಮಗಳೊಬ್ಬಳು ವಾರಕ್ಕೊಮ್ಮೆ ಅವನ ಮನೆಗೆ ಬರುತ್ತಾಳೆ. ಎಣಿಕೆ ಹಾಡಿನಂತೆ ಬಂದರೂ ಬಂದೀತು, ನೀವು ಶುರು ಮಾಡಿಕೊಡಿ ಎಂದಿದ್ದಳು. ಇವತ್ತು ಕೂತು ಮಾಡಿದೆವು. ನಾನು “ಒಂ” ಎಂದರೆ ಅವನು “ಒಂದು.” ಎರಡು ಬರುವಾಗ ನಾಲಿಗೆ ಜಾರಿತು. ಮೂರು ಬಂತು. ನಾಲ್ಕು, “ನಾಕು,” ಶೆಡ್ಡಿನಲ್ಲಿ ಬಟ್ಟೆಯ ತಾನು ಎಣಿಸುತ್ತಿದ್ದ ಹಾಗೆಯೇ. ಐದಕ್ಕೆ ಬಾಯಿ ತೆರೆದ, ನಿಂತ. ತೊಡೆಗೆ ಬಡಿದುಕೊಂಡ. ಮತ್ತೆ ಒಂದರಿಂದ. ಮತ್ತೆ ಐದರಲ್ಲಿ ಗೋಡೆ.

ಎಷ್ಟು ಸಲವೋ ಲೆಕ್ಕ ಇಡಲಿಲ್ಲ. ಐದು ಬರಲೇ ಇಲ್ಲ. ಬೆವರು ಒರೆಸಿ ಸಾಕು ಎಂದೆ. “ಸಾಕು,” ಎಂದ.

ಆಗಸ್ಟ್ 2, ಶನಿವಾರ

ನಿನ್ನೆಯಿಂದ ಫೋನು ಹೋಗುತ್ತಿದೆ. ನಮಸ್ಕಾರದ ಸಾಲನ್ನು ಮುದಕವ್ವನ ಫೋನಿನಿಂದ ತೆಗೆದೆವು. ಒಂದರಿಂದ ನಾಲ್ಕು, ಅವನ ಈಗಿನ ತೊದಲು. ಐದರಿಂದ ಇಪ್ಪತ್ತು ನಾನು ಹೇಳಿದ್ದೇನೆ. ಮನಾಲಿ ಏಳೆಂಟು ಸಲ ತಿರುಗಿ ಹೇಳಿಸಿದಳು. “ಶೇಠ, ಮಾಲು ಮಾರಿದಂಗ ಹೇಳಬ್ಯಾಡ್ರಿ. ಬರೇ ಅಂಕಿ ಹೇಳ್ರಿ.” ಕಷ್ಟವಾಯಿತು.

ಈ ಹೊತ್ತು ಬೆಳಿಗ್ಗೆ ಮಾಯವ್ವನೇ ಫೋನ್ ಮಾಡಿದಳು.

“ಐದ ಲೀಟರ್ ಹಾಕಿದ್ನಿ. ಐದು ಅನ್ನುಮುಂದ ಯಾಂವೋ ನಡುವ ಬಂದ.”

“ನಾನ ಯಕ್ಕಾ.”

“ನೀ ಯಾಕ ಬರತಿ ನಡುವ?”

“ಅವಂಗ ನಾಕರ ತನಕ ಅಷ್ಟ ಬರತೈತಿ.”

ಅವಳ ಹಿಂದೆ ಎಮ್ಮೆಯೊಂದು ಒದರಿತು.

“ಹಂಗಾರ ಕರಕ್ಕ ಒಂದ ಲೀಟರ್ ಬಿಡತೇನಿ,” ಎಂದಳು. “ನಾಕ ಹಾಕತೇನಿ. ನಿನ್ನ ದನಿ ಕೇಳಾಕ ನಾ ಯಾಕ ಹಾಲ ಹಾಕ್ಲಿ?”

ಆಗಸ್ಟ್ 3, ಭಾನುವಾರ

ಕೊಲ್ಹಾಪುರಕ್ಕೆ ಹೋಗಿ ಬಂದೆ. ಐದು ಇವತ್ತೂ ಬರಲಿಲ್ಲ.

ಯಾರಿಗೆ ಏನು ಬಂತು, ಬರೆದು ವಹಿ ಮುಚ್ಚುತ್ತೇನೆ.

ಸರ್ವರ್ ಕಂಪನಿಗೆ: ಒಂದು ಖಾಲಿ ಜಾಗ.

ಏಜೆಂಟಿಗೆ: ಏನೂ ಇಲ್ಲ. ಕೇಳಿಯೂ ಇಲ್ಲ.

ಮನಾಲಿಗೆ: ನನ್ನ ಮೇಲೆ ಹೇಳಲು ಒಂದು ಮಾತು. ಇನ್ನೂ ಬಳಸಿಲ್ಲ.

ಕೇದಾರಿಗೆ: ಒಂದು ತಿಂಗಳ ಪಾವು. ಅವನ ಎಮ್ಮೆ ನಿನ್ನೆಯಿಂದ ಮತ್ತೆ ಬತ್ತಿದೆಯಂತೆ.

ಶಾಲನಳಿಗೆ: ಮುಚ್ಚಿದ ಬಾಗಿಲ ಹಿಂದೆ ಏನಿತ್ತು ಎಂಬುದು.

ಮಾಯವ್ವನ ಕರುವಿಗೆ: ದಿನಕ್ಕೆ ಒಂದು ಲೀಟರ್.

ಜಿನಪಾಲನಿಗೆ: ನಾಲ್ಕರವರೆಗೆ.

ನನಗೆ: ಐದರಿಂದ ಮೇಲೆ.